ಕೂಸಿಗೆ ಎರೆಯುವ ಕೈ

ನಾನು ಕುಡುಕಿ. ಕುಡಿತ ಬಿಡುವವರ ನಮ್ಮ ಸಭೆಯಲ್ಲಿ ಎಲ್ಲರೂ ಮೊದಲು ಇದನ್ನು ಹೇಳಿ ಆಮೇಲೆ ಮಿಕ್ಕ ಮಾತಿಗೆ ಬರುತ್ತಾರೆ, ಅದಕ್ಕೆ ನಾನೂ ಇಲ್ಲಿಂದಲೇ ಶುರು ಮಾಡಿದೆ. ಹೆಸರು ಹೇಳುವುದಿಲ್ಲ. ಅಲ್ಲಿ ಎಲ್ಲರೂ ನನ್ನನ್ನು ಆಯಿ ಅನ್ನುತ್ತಾರೆ, ನೀವೂ ಹಾಗೇ ಅನ್ನಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಕಾಗುಣಿತ ಬೇರೆಯವರ ಕೈಲಿ ತಿದ್ದಿಸಿದ್ದೇನೆ, ಮಾತು ನನ್ನವೇ. ಹೆಂಗಸರು ಕುಡಿಯುವುದೇ ಇಲ್ಲ ಎಂದು ಊರು ನಂಬಿಕೊಂಡಿರುವಾಗ, ಆ ನಂಬಿಕೆಯ ಮರೆಯಲ್ಲಿ ಕೂತು ಕುಡಿಯುವ ಹೆಂಗಸೊಬ್ಬಳು ಎಲ್ಲೋ ಇದ್ದಾಳು. ಅವಳಿಗಾಗಿ ಬರೆಯುತ್ತಿದ್ದೇನೆ.

ನನ್ನ ಗಂಡನೂ ಕುಡಿಯುತ್ತಿದ್ದ. ಅವನದು ಬೀದಿಯ ಕುಡಿತ. ಖಾನಾಪುರದ ಸಂತೆಗೆ ಹೋದರೆ ಗಟಾರದಿಂದ ಎತ್ತಿಕೊಂಡು ಬರಬೇಕು. ಊರಿಗೆಲ್ಲ ಗೊತ್ತಿತ್ತು, ಊರೆಲ್ಲ ನನ್ನ ಮೇಲೆ ಕರುಣೆ ಪಡುತ್ತಿತ್ತು. ನನ್ನ ಕುಡಿತ ಬಂದದ್ದು ಬಾಣಂತಿ ಕೋಣೆಯಿಂದ. ಮೊದಲ ಹೆರಿಗೆಯಾದಾಗ ಖಾನಾಪುರದ ಕಡೆಯ ಮಳೆ, ಗೋಡೆಯೆಲ್ಲ ಒದ್ದೆ. ನಮ್ಮ ಅತ್ತೆ ಸಂಜೆ ಬಿಸಿನೀರಿಗೆ ಒಂದು ಮುಚ್ಚಳ ಬ್ರಾಂಡಿ ಹಾಕಿ ಕೊಟ್ಟರು. "ಕುಡಿ, ಥಂಡಿ ಹತ್ತೂದಿಲ್ಲ, ಸೊಂಟ ಗಟ್ಟಿ ಆಗತೈತಿ" ಎಂದರು. ನಮ್ಮ ಮನೆತನದಲ್ಲಿ ಎಲ್ಲ ಬಾಣಂತಿಯರಿಗೂ ಕೊಡುತ್ತಿದ್ದರು. ಆ ಬಾಟಲಿ ಅಜವಾನ, ಸಬ್ಬಸಿಗೆ ಬೀಜ, ಅಂಟಿನ ಉಂಡಿಯ ಡಬ್ಬಿಗಳ ಸಾಲಿನಲ್ಲೇ ನಿಂತಿರುತ್ತಿತ್ತು. ಗಂಡ ಕುಡಿದರೆ ಅದು ಸೆರೆ, ಬಾಣಂತಿ ಕುಡಿದರೆ ಅದು ಔಷಧ.

ಆಮೇಲೆ ನಾನೇ ಬಾಣಂತನ ಮಾಡುವವಳಾದೆ. ಗಂಡ ಸತ್ತ ಮೇಲೆ ಬೆಳಗಾವಿಯ ಮಹಾಂತೇಶ ನಗರಕ್ಕೆ, ಮಗನ ಮನೆಗೆ ಬಂದೆ. ಅವನು ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯುವುದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಮೊಣಕಾಲಿನಿಂದ ಕೆಳಗೆ ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಎರೆಯುವುದು. ಆಯಿ ಎರೆದರೆ ಕೂಸು ಮಧ್ಯಾಹ್ನದ ತನಕ ಮಿಸುಕಾಡುವುದಿಲ್ಲ ಎಂದು ಹೆಸರಾಗಿತ್ತು. ಬಾಣಂತಿಯ ಬಾಟಲಿಯೂ ನನ್ನ ಕೈಯಲ್ಲೇ. ಅವಳಿಗೊಂದು ಮುಚ್ಚಳ, ನನಗೊಂದು ಮುಚ್ಚಳ. ಬರಬರುತ್ತ ಅವಳಿಗೊಂದು ಮುಚ್ಚಳ, ನನಗೊಂದು ಲೋಟ. ಬಾಣಂತಿಯರು ಇಲ್ಲದ ತಿಂಗಳಲ್ಲಿ ನಾನೇ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯವನಿಗೂ ಬಾಣಂತಿಗೆ ಎಂದೇ ಹೇಳುತ್ತಿದ್ದೆ. ಒಂದು ದಿನ ಅವನು ಬಾಟಲಿ ಕಾಗದದಲ್ಲಿ ಸುತ್ತುತ್ತ, "ಆಯಿ, ನಿಮ್ಮ ಓಣ್ಯಾಗ ವರ್ಷಾ ಪೂರ್ತಿ ಹಡಿತಾರೇನಬೇ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಲ್ಲಿಂದ ಬೇರೆ ಅಂಗಡಿ ಹಿಡಿದೆ.

ನನ್ನ ಸೊಸೆ ಸವಿತಾ ಖಾನಾಪುರದವಳು. ತಾಯಿ ಇಲ್ಲ, ಇರುವುದು ಅಣ್ಣ ಒಬ್ಬನೇ. ಹಾಗಾಗಿ ತವರಿನಲ್ಲಿ ಆಗಬೇಕಾದ ಮೊದಲ ಬಾಣಂತನವೂ ನನ್ನ ಪಾಲಿಗೇ ಬಂತು. ಹೆಣ್ಣು ಕೂಸು, ಸಾನ್ವಿ ಎಂದು ಹೆಸರಿಟ್ಟರು. ಆ ಹೊತ್ತಿಗೆ ಬೆಳಿಗ್ಗೆ ಎದ್ದರೆ ನನ್ನ ಕೈ ನಡುಗುತ್ತಿತ್ತು. ಒಂದಿಷ್ಟು ಒಳಗೆ ಹೋದರೆ ನಿಲ್ಲುತ್ತಿತ್ತು. ನಡುಗುವ ಕೈಯಿಂದ ಕೂಸು ಜಾರಬಾರದಲ್ಲ ಎಂದು ಕುಡಿದು ಎರೆಯುತ್ತಿದ್ದೆ. ಕೂಸಿನ ಮೇಲಿನ ಕಾಳಜಿಯಿಂದಲೇ ಕುಡಿಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇದಕ್ಕಿಂತ ಹೊಲಸು ಸುಳ್ಳನ್ನು ನಾನು ನನ್ನ ಗಂಡನ ಬಾಯಲ್ಲೂ ಕೇಳಿಲ್ಲ.

ಆ ದಿನ ಹಂಡೆಯ ನೀರು ತೋಡಿ ಬಕೆಟಿಗೆ ಹಾಕಿದೆ, ತಣ್ಣೀರು ಬೆರೆಸಲಿಲ್ಲ. ಬೆರೆಸಿದ್ದೇನೆ ಎಂದೇ ತಲೆಯಲ್ಲಿತ್ತು. ಮೊದಲ ತಂಬಿಗೆ ಕೂಸಿನ ಕಾಲ ಮೇಲೆ ಬಿತ್ತು. ಕೂಸು ಕಿರುಚಿದ ರೀತಿಯನ್ನು ಬರೆಯುವುದಿಲ್ಲ. ಎಡಗಾಲ ಹರಡಿನಿಂದ ಬೆರಳ ತನಕ ಚರ್ಮ ಎದ್ದಿತು. ನನ್ನ ಕಾಲೂ ಸುಟ್ಟಿತ್ತು, ಅದು ನನಗೆ ತಿಳಿದದ್ದು ಮಧ್ಯಾಹ್ನಕ್ಕೆ.

ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಕೂತಿದ್ದೆವು. ಒಳಗೆ ಕೂಸಿಗೆ ಪಟ್ಟಿ ಕಟ್ಟುತ್ತಿದ್ದರು. ಸವಿತಾ ನನ್ನ ಮಗನ ಕಡೆ ತಿರುಗಿ ಹೇಳಿದಳು.

"ಅತ್ತಿ ಕುಡದಾರ. ಕೂಸಿನ ಎತಿಗೊಳ್ಳಾಕ ಬಗ್ಗಿದಾಗ ವಾಸನಿ ಮೂಗಿಗೆ ಬಡೀತು. ಇವತ್ತಿಂದಲ್ಲ, ಭಾಳ ದಿನಾ ಆತು."

"ತಲಿ ನೆಟ್ಟಗ ಐತಿಲ್ಲ ನಿಂದು?" ಎಂದ ಮಗ. "ಕುಡದ ಸತ್ತ ಅಪ್ಪನ ಕೂಡ ಬಾಳೇ ಮಾಡಿದಾಕಿ ನಮ್ಮವ್ವ. ಸೆರೆ ಅಂದ್ರ ಉಗುಳ್ತಾಳ. ವಯಸ್ಸಾಗೇತಿ, ನೀರ ಬೆರಸೂದು ಮರತಾಳ. ಅದಕ್ಕ ಇಂಥಾ ಅಪವಾದ ಹೊರಸ್ತಿಯಾ? ಸುಳ್ಳಿ!"

ಸವಿತಾ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ ಅದು, ನೀವೇ ಹೇಳ್ರಿ ಅನ್ನುವ ನೋಟ. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ಅವ್ವ ಅಳುತ್ತಿದ್ದಾಳೆ ಎಂದು ಮಗ ನನ್ನ ಬೆನ್ನು ಸವರಿದ. ನಾನು ವಾಸನೆ ಮುಚ್ಚುತ್ತಿದ್ದೆ.

ಪಟ್ಟಿ ಬಿಚ್ಚಿದ ವಾರವೇ ಸವಿತಾ ಕೂಸಿನ ಸಮೇತ ಖಾನಾಪುರಕ್ಕೆ, ಅಣ್ಣನ ಮನೆಗೆ ಹೋದಳು.

ಆಗ ನಾನು ಬಾಟಲಿ ಬಿಟ್ಟೆ. ಯಾರಿಗೂ ಹೇಳದೆ, ಒಮ್ಮೆಗೇ. ಅದೂ ತಪ್ಪೇ ಆಯಿತು. ಮೈಯೆಲ್ಲ ಬೆವರಿ, ನಡುಗಿ, ಅನ್ನ ನಿಲ್ಲದೆ, ಕೊನೆಗೆ ಗೋಡೆಯ ತುಂಬ ಇರುವೆ ಹರಿದಾಡಿದ ಹಾಗೆ ಕಂಡಿತು. ಕಸಬರಿಗೆ ತೆಗೆದುಕೊಂಡು ಗೋಡೆ ಗುಡಿಸುತ್ತಿದ್ದೆನಂತೆ. ಮಗ ಆಸ್ಪತ್ರೆಗೆ ಹೊತ್ತುಕೊಂಡು ಹೋದ. ಮೊದಲು ನೋಡಿದ ಡಾಕ್ಟರು ಮಗನ ಕೂಡ ಸಕ್ಕರೆ, ಬಿಪಿ ಎಂದು ಮಾತಾಡಿದರು. ನನ್ನಂಥ ಮುದುಕಿಯನ್ನು ಯಾರು ಆ ಪ್ರಶ್ನೆ ಕೇಳುತ್ತಾರೆ? ಮಾರನೇ ದಿನ ಬಂದ ಡಾಕ್ಟರಮ್ಮ ಕೇಳಿದರು. ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದ ಹಾಗೆ ಸಾದಾ ಕೇಳಿದರು.

"ಆಯಿ, ದಿನಾ ಎಷ್ಟ ಕುಡೀತೀರಿ?"

ಮಗ ನಕ್ಕ. "ಏನ್ರಿ ಡಾಕ್ಟರ್, ನಮ್ಮವ್ವ…"

"ಒಂದ ಕ್ವಾರ್ಟರ್," ಎಂದೆ. "ಒಮ್ಮೊಮ್ಮೆ ಜಾಸ್ತಿ."

ಅವನ ನಗು ಬಾಯಲ್ಲೇ ನಿಂತಿತು. ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಡಾಕ್ಟರಮ್ಮ ನನ್ನ ಕೈ ಬಿಡಲಿಲ್ಲ. ಹಿಂಗ ಒಮ್ಮಿಂದೊಮ್ಮೆ ಬಿಟ್ಟರ ಜೀವಕ್ಕ ಅಪಾಯ, ಮೊದಲೇ ನಮ್ಮ ಹತ್ತಿರ ಬರಬೇಕಿತ್ತು ಎಂದರು. ಎದುರಿನವರಿಗೆ ನಾಚಿಕೆ ಆಗದ ಹಾಗೆ ಮಾತಾಡುವುದನ್ನು ಇಂಥವರಿಗೆ ಯಾರು ಕಲಿಸುತ್ತಾರೋ ಗೊತ್ತಿಲ್ಲ. ಆವತ್ತು ನನಗೆ ಸಿಕ್ಕ ದಯೆ ಅಂದರೆ ಅದೊಂದೇ.

ಮನೆಗೆ ಕರೆತರುವಾಗ ಆಟೋದಲ್ಲಿ ಮಗ ರಸ್ತೆ ನೋಡುತ್ತ ಕೇಳಿದ. "ದವಾಖಾನ್ಯಾಗ ಅಕಿ ಹೇಳಿದಾಗ ನೀ ಯಾಕ ಸುಮ್ನ ಕುಂತಿ? ಅಕಿಗೆ ನಾ ಸುಳ್ಳಿ ಅಂದ್ನೆಲ್ಲ ಯವ್ವಾ."

ಅವನು ಮತ್ತೆ ಕೇಳಲಿಲ್ಲ. ಖಾನಾಪುರಕ್ಕೆ ಹೋಗಿ ಹೆಂಡತಿಯ ಕ್ಷಮೆ ಕೇಳಿ ಬಂದ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ನನಗೆ ತಲುಪಿಸಿದ. "ಬರ್ತೀನಿ, ಈಗ ಅಲ್ಲ. ಬಂದ ಮ್ಯಾಲೂ ನಿಮ್ಮವ್ವನ ಕೈಯಾಗ ಮಕ್ಕಳ್ನ ಕೊಡೂದಿಲ್ಲ. ಕಾಲ ಮ್ಯಾಲ ಹಾಕ್ಕೊಂಡು ಎರಿಯೂದಂತೂ ಈ ಜನ್ಮದಾಗ ಇಲ್ಲ."

ಗಂಡ ಸತ್ತಾಗ ಕೂಡ ನನಗೆ ಹಾಗೆ ಆಗಿರಲಿಲ್ಲ. ಈ ಕೈಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

ಔಷಧದ ಜೊತೆಗೆ ಸಭೆಗೂ ಹೋಗಬೇಕು ಎಂದು ಡಾಕ್ಟರಮ್ಮ ಹೇಳಿದ್ದರು, ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಕೂಡುವ ಸಭೆ. ಬೆಳಗಾವಿಯಲ್ಲಿ ಬೇಡ ಎಂದೆ. ಓಣಿ ಓಣಿಯ ಕೂಸುಗಳಿಗೆ ಎರೆದಿದ್ದೇನೆ, ಬಾಗಿಲಲ್ಲೇ ಯಾರಾದರೂ ಗುರುತು ಹಿಡಿಯುತ್ತಾರೆ. ಖಾನಾಪುರದಲ್ಲೂ ಒಂದು ಇದೆ ಎಂದರು. ಅದು ಒಳ್ಳೆಯದಾಯಿತು. ಭಾನುವಾರ ಬಸ್ಸು ಹತ್ತುತ್ತಿದ್ದೆ. ಮೊದಲು ಸವಿತಾಳ ಅಣ್ಣನ ಮನೆಯ ಮುಂದೆ ನಿಲ್ಲುವುದು. ಕರೆದರೆ ಕಟ್ಟೆಯ ಮೇಲೆ ಕೂತು ನೀರು ಕುಡಿಯುವುದು. ಸವಿತಾ ಕೂಸನ್ನು ಎತ್ತಿಕೊಂಡು ಬಾಗಿಲೊಳಗೇ ನಿಂತು ತೋರಿಸುತ್ತಿದ್ದಳು. ಅದಕ್ಕೆ ಕಾಲುಚೀಲ ಹಾಕಿರುತ್ತಿದ್ದಳು. ಆಮೇಲೆ ಸಭೆ.

ಸಭೆ ನಡೆಯುವುದು ಒಂದು ಹಳೆಯ ಸಾಲಿಯಲ್ಲಿ. ನಡುವೆ ಸಣ್ಣ ಪಡಸಾಲೆ, ಆ ಕಡೆ ಒಂದು ಖೋಲಿ, ಈ ಕಡೆ ಒಂದು. ಬಾಗಿಲಲ್ಲಿ ದಪ್ಪ ಮೀಸೆಯವನೊಬ್ಬ ನಿಂತಿದ್ದ. ಹಿಂದೆ ಗೋವಾ ರಸ್ತೆಯಲ್ಲಿ ಲಾರಿ ಹೊಡೆಯುತ್ತಿದ್ದವನು. ಎಲ್ಲರೂ ಅವನನ್ನು ಮಾಮಾ ಅನ್ನುತ್ತಾರೆ.

"ಬರ್ರಿ ಆಯಿ, ಬಸಾ ಬಸಾ," ಎಂದು ಮರಾಠಿಯಲ್ಲೂ ಕೂರಲು ಹೇಳಿ ಕೇಳಿದ. "ಮಗಾನೋ, ಗಂಡನೋ?"

"ಏನ್ ಹಂಗಂದ್ರ?"

"ಕುಡ್ಯಾವ್ರು ಯಾರಂತ ಕೇಳಿದೆ."

ನಾನು ಬಾಯಿ ತೆರೆದೆ. "ಗಂಡ," ಎಂದೆ.

"ಬಂದಾರೇನ್ರಿ?"

"ಸತ್ತಾನ."

ಅವನು ಕೈ ಮುಗಿದ. "ಹಂಗಾರ ಈ ಕಡೆ ಬರ್ರಿ. ಮನಿ ಮಂದೀದು ಇಲ್ಲಿ."

ಹೀಗೆ ನಾನು ಕುಡುಕರ ಹೆಂಡಂದಿರ ಖೋಲಿಯಲ್ಲಿ ಕೂತೆ. ಒಂದು ವಾರವಲ್ಲ, ಮಳೆಗಾಲ ಪೂರ್ತಿ. ನನ್ನ ಸರದಿ ಬಂದಾಗ ಗಂಡನ ಸುದ್ದಿ ಹೇಳಿದೆ. ಒಲೆ ಒದ್ದದ್ದು, ಮಗನಿಗೆ ಜ್ವರ ಬಂದ ದಿನ ಔಷಧಕ್ಕೆ ಹೋದವನು ಮೂರು ದಿನ ಬಿಟ್ಟು ಬಂದದ್ದು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಕೂತ ಖೋಲಿ ಮಾತ್ರ ಸುಳ್ಳು. ಹೆಂಗಸರು ಕಣ್ಣೊರೆಸಿಕೊಂಡರು. "ನೀವು ತಡಕೊಂಡ್ರಿ ಅಂದ್ರ ನಾವೂ ತಡಕೋತೀವ್ರಿ ಆಯಿ" ಎಂದು ಒಬ್ಬಳು ನನ್ನ ಕಾಲು ಮುಟ್ಟಿದಳು. ನನಗೆ ಅದು ಹಿತವಾಯಿತು, ಅದನ್ನೂ ಹೇಳಬೇಕು. ಅಲ್ಲಿ ಕೂತಷ್ಟು ಹೊತ್ತು ನಾನು ಮತ್ತೆ ಕರುಣೆಗೆ ತಕ್ಕವಳಾಗುತ್ತಿದ್ದೆ. ಹಿಂದಿರುಗುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಬಾಣಂತಿಗೆ ಬೇಕಾಗೇತಿ ಎಂದು ಕೇಳುತ್ತಿದ್ದೆ. ಆಸ್ಪತ್ರೆಯ ಗುಳಿಗೆ ಮುಗಿದ ಮೇಲೆ ಮತ್ತೆ ಬಾಟಲಿ ಹಿಡಿದಿದ್ದೆ.

ಆ ಖೋಲಿಗೆ ರೇಖಾ ಎಂಬ ಹುಡುಗಿ ಬರುತ್ತಿದ್ದಳು. ಗಂಡ ಎದುರು ಖೋಲಿಯಲ್ಲಿ. ಅವಳ ಸೆರಗಿನಲ್ಲಿ ಎಳೆ ಕೂಸು. ಒಂದು ಭಾನುವಾರ ಅವಳು ಮಾತಾಡುತ್ತ ಆಡುತ್ತ ಅತ್ತು, ಮೂಗು ಸೋರಿ, ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಆಯಿ, ಒಂದೀಟ ಹಿಡೀರಿ. ಮಾರಿ ತೊಳಕೊಂಡ ಬರ್ತೀನಿ. ನಿಮ್ಮ ಕೈಯಾಗ ಕೊಟ್ಟರ ನನಗ ಚಿಂತಿ ಇಲ್ಲ."

ಚಾಪೆಯ ಮೇಲೆ ಕೂತಿದ್ದೆ. ರೂಢಿಬಲದಿಂದ ಕಾಲು ತಾವೇ ಚಾಚಿಕೊಂಡವು. ಕೂಸು ಅವುಗಳ ಮೇಲೆ ಸರಿಯಾಗಿ ಕೂತಿತು, ಅದರ ಅಂಗಾಲು ನನ್ನ ಅಂಗೈಯೊಳಗೆ ಬಂತು. ಆ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಕುಡಿದಿದ್ದೆ. ಕೈ ಒಂಚೂರೂ ನಡುಗುತ್ತಿರಲಿಲ್ಲ. ಸಾನ್ವಿಯ ಕಾಲು ಸುಟ್ಟ ದಿನವೂ ಹಾಗೇ ಇತ್ತು, ಗಟ್ಟಿಯಾಗಿ, ನೆಟ್ಟಗೆ.

ಕೂಸನ್ನು ಬಾಜುವಿನ ಹೆಂಗಸಿನ ಮಡಿಲಿಗೆ ಹಾಕಿ ಎದ್ದೆ. ಪಡಸಾಲೆ ದಾಟಿ ಎದುರು ಖೋಲಿಯ ಬಾಗಿಲು ನೂಕಿದೆ. ಎಲ್ಲರೂ ಗಂಡಸರು. ಮಾತಾಡುತ್ತಿದ್ದವನು ನಿಲ್ಲಿಸಿದ.

"ಆಯಿ, ಹೆಣಮಕ್ಕಳದು ಆ ಕಡೆ ಐತ್ರಿ," ಎಂದ ಮಾಮಾ.

"ಅಲ್ಲಿಂದನ ಬಂದೀನಿ. ತಪ್ಪ ಖೋಲ್ಯಾಗ ಕುಂತಿದ್ದೆ. ಕುಡ್ಯಾಕಿ ನಾನ."

ಯಾರೋ ಒಬ್ಬ ಫಕ್ಕನೆ ನಕ್ಕ, ಹೆದರಿ ನಕ್ಕ ಹಾಗಿತ್ತು. ಮಾಮಾ ಅವನ ಕಡೆ ಕಣ್ಣು ಬಿಟ್ಟ. ಒಬ್ಬ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

"ಇವತ್ತೂ ಕುಡದೀರೇನ್ರಿ?" ಎಂದ ಮಾಮಾ, ಮೆಲ್ಲಗೆ.

"ಹೂಂ."

"ಇರಲಿ. ಕುಂದರ್ರಿ. ಈ ಖೋಲ್ಯಾಗ ಕುಡದ ಬಂದಾವ್ರನ್ನ ಹೊರಗ ಹಾಕೂದಿಲ್ಲ. ಕೇಳಿಕೋತ ಕುಂದರ್ರಿ, ಮಾತು ಮುಂದಿನ ವಾರ."

"ಮಾಮಾ," ಎಂದ ಮೂಲೆಯಲ್ಲಿ ಕೂತವನು. "ಅಂದ್ರ ಇಷ್ಟ ದಿನಾ ನಮ್ಮ ಹೇಂತೇರು ಹೇಳೂ ಚಾಡಿ ಎಲ್ಲಾ ಆಯಿಗೆ ಗೊತ್ತೈತಿ ಅಂದಂಗಾತು!"

"ನಿಂದು ಎಲ್ಲಾ ಗೊತ್ತೈತಿ," ಎಂದೆ. "ಕುಂದರು ಸುಮ್ನ."

ಆಗ ಎಲ್ಲರೂ ನಕ್ಕರು. ನನಗೆ ಅಳು ಬಂತು, ಸೆರಗು ಬಾಯಿಗೆ ಹೋಗಲಿಲ್ಲ.

ರೇಖಾ ಮಾತ್ರ ನಗಲಿಲ್ಲ. ಚಹಾ ಕುಡಿಯುವ ಹೊತ್ತಿಗೆ ಅವಳಿಗೆ ಸುದ್ದಿ ಮುಟ್ಟಿತ್ತು. ಕೂಸನ್ನು ಎದೆಗೆ ಅವುಚಿಕೊಂಡು ನನ್ನ ಮುಂದೆ ನಿಂತಳು. "ನಮ್ಮ ಸಂಕಟಾ ಎಲ್ಲಾ ಕೇಳಿದ್ರಿ. ನಾ ನಿಮ್ಮ ಕೈಯಾಗ ಕೂಸಿನ ಕೊಟ್ಟೆ" ಎಂದಳು. ಅಷ್ಟೇ. ಮುಂದೆ ಎಷ್ಟೋ ದಿನ ನನ್ನನ್ನು ಕಂಡರೆ ತಲೆ ತಿರುಗಿಸುತ್ತಿದ್ದಳು. ಅವಳು ಮಾಡಿದ್ದು ಸರಿ. ಸವಿತಾಳಿಗೆ ಮಾಡಿದ್ದನ್ನೇ ನಾನು ಇನ್ನೊಬ್ಬಳಿಗೆ ಮಾಡಿದ್ದೆ.

ಮರುದಿನ ಡಾಕ್ಟರಮ್ಮನ ಹತ್ತಿರ ಹೋಗಿ ಮತ್ತೆ ಔಷಧ ಶುರು ಮಾಡಿದೆ, ಈ ಸಲ ಮಗನನ್ನೂ ಕರೆದುಕೊಂಡು. ಸಭೆಗೆ ಹೋಗುತ್ತ ಇದ್ದೆ. ಸಭೆಯಲ್ಲಿ ಮಂತ್ರ ತಂತ್ರ ಏನೂ ಇಲ್ಲ. ಒಬ್ಬ ಹೇಳುತ್ತಾನೆ, ಉಳಿದವರು ಕೇಳುತ್ತಾರೆ, ನಡುವೆ ಬಾಯಿ ಹಾಕುವಂತಿಲ್ಲ. ಇವತ್ತು ಕುಡಿಯುವುದಿಲ್ಲ, ನಾಳೆಯದು ನಾಳೆ ಎಂದು ಎದ್ದು ಹೋಗುತ್ತಾರೆ. ಚಹಾ ನೀರಾಗಿರುತ್ತದೆ. ನನ್ನ ಮುಂದೆ ಹೊಲಸು ಬೈಗುಳ ಬಂದಾಗಲೆಲ್ಲ "ಆಯಿ ಅದಾರ್ಲೇ" ಎಂದು ಒಬ್ಬರಿಗೊಬ್ಬರು ತಿವಿಯುತ್ತಿದ್ದರು. ಇದಕ್ಕಿಂತ ಹೊಲಸು ಕೇಳಿದ್ದೇನೆ, ಬೈಯಿರಿ ಎಂದೆ. ಅಲ್ಲಿಂದ ಆರಾಮಾದರು.

ಒಮ್ಮೆ ಜಾರಿದೆ. ಹಿಂಡಲಗಾದಲ್ಲಿ ಗುರುತಿನವರ ಮನೆಯಲ್ಲಿ ಬಾಣಂತನಕ್ಕೆ ಕರೆದರು, ಕೂಸು ಮುಟ್ಟುವುದಿಲ್ಲ, ಖಾರ ಕುಟ್ಟಿ ಕೊಟ್ಟು ಬರುತ್ತೇನೆ ಎಂದು ಹೋದೆ. ಬಾಟಲಿ ಅದೇ ಸಾಲಿನಲ್ಲಿ ನಿಂತಿತ್ತು, ಅಜವಾನದ ಬಾಜೂಕೆ. ಮುಂದಿನ ಭಾನುವಾರ ಅದನ್ನು ಸಭೆಯಲ್ಲಿ ಹೇಳುವುದು ಮೊದಲ ದಿನಕ್ಕಿಂತ ಕಷ್ಟವಾಯಿತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಸಿಟ್ಟು ಮಾಡಿಕೊಂಡು ಬಿಟ್ಟು ಬರಬಹುದಿತ್ತು. ಹೊರಗೆ ಬಂದಾಗ ರೇಖಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ನನ್ನ ಕಡೆ ನೋಡದೆ ಒಂದು ಕಪ್ಪು ಮುಂದೆ ಸರಿಸಿದಳು. ಬಾಣಂತನದ ಕೆಲಸ ಪೂರ್ತಿ ಬಿಟ್ಟೆ.

ಸಾನ್ವಿ ಅಂಗನವಾಡಿಗೆ ಹೋಗುವ ಹೊತ್ತಿಗೆ ಸವಿತಾ ತಿರುಗಿ ಬಂದಳು. ಮಾತಾಡುತ್ತಿದ್ದಳು, ರೊಟ್ಟಿ ಬಡಿಸುತ್ತಿದ್ದಳು. ಅಂಗಡಿಗೆ ಹೋಗುವಾಗ ಮಗಳನ್ನು ಜೊತೆಗೇ ಕರೆದೊಯ್ಯುತ್ತಿದ್ದಳು. ನನ್ನ ಕಷಾಯದ ಲೋಟ ತೊಳೆಯುವ ಮೊದಲು ಮೂಗಿನ ಹತ್ತಿರ ಹಿಡಿಯುವುದನ್ನು ನೋಡಿದ್ದೇನೆ. ಹಿಡಿಯಲಿ. ಸಾನ್ವಿಯ ಕಾಲಿನ ಕಲೆ ಅವಳ ಜೊತೆಗೇ ಬೆಳೆಯುತ್ತಿದೆ. ಚಪ್ಪಲಿ ಹಾಕುವಾಗ ದಿನಾ ಕಾಣುತ್ತದೆ. ಯಾರಾದರೂ ಕೇಳಿದರೆ "ಸಣ್ಣಾಕಿ ಇದ್ದಾಗ ಬಿಸಿನೀರ ಬಿದ್ದಿತ್ತಂತ" ಅನ್ನುತ್ತಾಳೆ ಹುಡುಗಿ. ಬಿತ್ತಂತೆ. ಯಾರು ಹಾಕಿದರು ಎಂದು ಸವಿತಾ ಅವಳಿಗೆ ಹೇಳಿಲ್ಲ. ಒಂದು ದಿನ ನಾನೇ ಹೇಳಬೇಕು.

ಆಮೇಲೆ ಗಂಡು ಕೂಸು ಹುಟ್ಟಿತು. ಈ ಸಲ ಎರೆಯುವುದಕ್ಕೆ ಹೊರಗಿನ ಹೆಂಗಸನ್ನು ಗೊತ್ತು ಮಾಡಿದರು. ಸವಿತಾ ಬ್ರಾಂಡಿ ತರಿಸಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಬಚ್ಚಲಿನ ಸದ್ದು ಕೇಳುತ್ತಿದ್ದೆ. ಕೂಸಿನ ಕತ್ತು ಇನ್ನೂ ನಿಂತಿರಲಿಲ್ಲ, ಒಂದು ಬೆಳಿಗ್ಗೆ ಆ ಹೆಂಗಸು ಜ್ವರವೆಂದು ಬರಲಿಲ್ಲ. ಸವಿತಾ ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಹಿಟ್ಟು ನಾದುತ್ತಿದ್ದೆ.

"ಅತ್ತಿ, ಇವತ್ತ ನೀವ ಎರೀರಿ."

ಹಿಟ್ಟಿನೊಳಗೆ ಕೈ ನಿಂತಿತು. ಇಷ್ಟು ವರ್ಷ ಬೇರೆ ಏನನ್ನೂ ನಾನು ಬೇಡಿಕೊಂಡಿರಲಿಲ್ಲ.

"ಮೊದಲ ನನ್ನ ಬಾಯಿ ಮೂಸು," ಎಂದೆ.

"ಆಗಳೇ ಮೂಸೀನ್ರಿ. ಚಾ ಕೊಟ್ರೆಲ್ಲ, ಆವಾಗ."

ಅವಳು ನಗಲಿಲ್ಲ, ನಾನೂ ನಗಲಿಲ್ಲ. ಕೈ ತೊಳೆದುಕೊಂಡು ನೋಡಿಕೊಂಡೆ. ನಡುಗುತ್ತಿರಲಿಲ್ಲ. ನಡುಗಿದ್ದರೆ ಇಲ್ಲ ಅನ್ನುವುದು ಸುಲಭವಾಗುತ್ತಿತ್ತು.

"ಇಲ್ಲಬೇ. ನಾ ಕಾಲ ಮ್ಯಾಲ ಹಾಕ್ಕೊಳ್ಳೂದಿಲ್ಲ."

"ಸಿಟ್ಟೇನ್ರಿ? ಆವಾಗ ನಾ ಹಂಗ ಅಂದಿದ್ದೆ ಅಂತ?"

"ನೀ ಅಂದಿದ್ದು ಬರೋಬ್ಬರಿ ಇತ್ತು. ನಾ ಬಿಟ್ಟೀನಿ, ಖರೇ. ನನ್ನ ಭರೋಸಾ ನನಗ ಇವತ್ತಿನ ಮಟ್ಟಿಗಷ್ಟ ಐತಿ. ಅದನ್ನ ಪರೀಕ್ಷಾ ಮಾಡಾಕ ಕೂಸಿನ ಕಾಲ ಬ್ಯಾಡ."

"ಮತ್ತ ಯಾರ ಎರೀಬೇಕ್ರಿ?"

"ನೀ. ಮಣಿ ಹಾಕ್ಕೊಂಡು ಕುಂದರು. ನಾ ಕಲಸ್ತೀನಿ."

ಕೂತಳು. ಕಾಲು ಚಾಚಿಸಿದೆ, ನಡುವೆ ಕೂಸು ಜಾರದ ಹಾಗೆ ಹರಡು ಕೂಡಿಸಿದೆ. ಅವಳ ಕೈಯಿಂದಲೇ ಎಣ್ಣೆ ಹಚ್ಚಿಸಿದೆ, ಬೆನ್ನು, ಕಂಕುಳ, ಮೊಣಕಾಲ ಸಂದು. "ಇಷ್ಟ ಜೋರ ತಿಕ್ಕಿದ್ರ ಮುರೀತಾನ್ರಿ" ಎಂದಳು. "ಮುರ್ಯಾಂಗಿಲ್ಲ, ರೊಟ್ಟಿ ಬಡಿಯಾಕಿ ನೀ, ಆ ಕೈ ಎಲ್ಲಿ ಹೋತು?" ಎಂದೆ. ನೀರನ್ನು ಅವಳೇ ಬೆರೆಸಿದ್ದಳು. ಎರೆಯುವವಳ ಎರಡೂ ಕೈ ಕೂಸಿನ ಮೇಲಿದ್ದರೆ ನೀರು ಹಾಕಲು ಇನ್ನೊಬ್ಬರು ಬೇಕು. ಬೇರೆ ಯಾರೂ ಇರಲಿಲ್ಲ. ಸಾನ್ವಿ ಹೊಸ್ತಿಲ ಮೇಲೆ ಕಾಲು ಇಳಿಬಿಟ್ಟು ಕೂತು ತಮ್ಮನನ್ನು ನೋಡುತ್ತಿದ್ದಳು.

ನಾನು ತಂಬಿಗೆ ಎತ್ತಿದೆ. ಸವಿತಾ ತನ್ನ ಬಲಗೈಯನ್ನು ಕೂಸಿನ ಮೇಲೆ ಅಡ್ಡ ಹಿಡಿದಳು. ಮೊದಲು ಅವಳ ಕೈ ಮೇಲೆ ಹನಿಸಿದೆ. ಅವಳು ತಲೆ ಆಡಿಸಿ ಕೈ ತೆಗೆದಳು, ಆಮೇಲೆ ಕೂಸಿಗೆ ಎರೆದೆ. ಪ್ರತಿ ತಂಬಿಗೆಗೂ ಹಾಗೇ. ನನ್ನ ಸಂಕಟ ಅವಳಿಗೆ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಕೂಸು ಮೊದಲು ಅತ್ತು, ಆಮೇಲೆ ಬಾಯಿ ಚಪ್ಪರಿಸುತ್ತ ಕಣ್ಣು ಮುಚ್ಚಿತು.

ಕೊನೆಯ ತಂಬಿಗೆ ಎತ್ತಿದಾಗ ಅವಳು ಕೂಸಿನ ಕಿವಿ ಒರೆಸುವುದರಲ್ಲಿದ್ದಳು. ಕೈ ಅಡ್ಡ ಬರಲಿಲ್ಲ. ನಾನು ತಂಬಿಗೆ ಹಿಡಿದುಕೊಂಡು ಹಾಗೇ ನಿಂತೆ.

"ಹಾಕ್ರಿ ಅತ್ತಿ," ಎಂದಳು, ತಲೆ ಎತ್ತದೆ.

"ಕೈ ಇಡು," ಎಂದೆ.

ಇಟ್ಟಳು. ಆಮೇಲೆ ಎರೆದೆ.